ಎರಡು ಪುಟ ಹೆಚ್ಚು

ವಿಜ್ಞಾನ ಎಲ್ಲಿಯವರೆಗೆ ಮುಂದುವರಿಯಬೇಕು ಎಂಬುದನ್ನು ವಿಜ್ಞಾನಿಗಳು ತೀರ್ಮಾನಿಸುತ್ತಾರೆ ಎಂದು ನೀವು ತಿಳಿದಿದ್ದರೆ, ನಿಮಗೆ ಅಚ್ಚುಕೂಟದ ಪರಿಚಯವಿಲ್ಲ ಎಂದೇ ಅರ್ಥ. ಅದನ್ನು ತೀರ್ಮಾನಿಸುವುದು ಹದಿನಾರರ ಮಗ್ಗಿ. ದೊಡ್ಡದೊಂದು ಕಾಗದಕ್ಕೆ ಎರಡೂ ಕಡೆ ಅಚ್ಚು ಹಾಕಿ, ಮಡಿಚಿ, ಅಂಚು ಕತ್ತರಿಸಿದರೆ ಹದಿನಾರು ಪುಟವಾಗುತ್ತದೆ. ಇದಕ್ಕೆ ಒಂದು ಫಾರಂ ಎನ್ನುತ್ತಾರೆ. ಮೂರು ಫಾರಂ ಎಂದರೆ ನಲವತ್ತೆಂಟು ಪುಟ. ನಲವತ್ತೊಂಬತ್ತನೆಯ ಪುಟದಲ್ಲಿ ಯಾರಾದರೂ ಸಾವಿಗೇ ಔಷಧ ಕಂಡುಹಿಡಿದಿದ್ದರೂ ಮುದ್ರಕರು ಇನ್ನೊಂದು ಇಡೀ ಫಾರಮ್ಮಿನ ದುಡ್ಡು ಕೇಳುತ್ತಾರೆ. ದುಡ್ಡಿಲ್ಲದಿದ್ದರೆ ಮನುಷ್ಯರು ಸಾಯುತ್ತಲೇ ಇರಬೇಕಾಗುತ್ತದೆ.

ನಾನು ಹಗಲು ವಿಮಾ ಕಚೇರಿಯಲ್ಲಿ ಗುಮಾಸ್ತ. ಉಳಿದ ಹೊತ್ತಿನಲ್ಲಿ ‘ಕ್ಷುದ್ರಪ್ರಾಣಿ ವಿಚಾರ’ ಎಂಬ ವೈಜ್ಞಾನಿಕ ತ್ರೈಮಾಸಿಕದ ಸಂಪಾದಕ. ಹುಳ, ಜೇಡ, ಜಿಗಣೆ, ಬಸವನಹುಳು ಮುಂತಾದ ಬೆನ್ನುಮೂಳೆಯಿಲ್ಲದ ಜೀವಿಗಳ ಬಗ್ಗೆ ಮಾತ್ರ ಇದರಲ್ಲಿ ಲೇಖನ ಬರುತ್ತದೆ. ಅದಕ್ಕೆ ತಕ್ಕ ಸಂಪಾದಕನೇ ಸಿಕ್ಕಿದ್ದಾನೆ ಎಂದು ನನ್ನ ಹೆಂಡತಿ ಹೇಳುವುದುಂಟು. ಮೂವತ್ತೊಂಬತ್ತು ವರ್ಷದ ಹಿಂದೆ ಪತ್ರಿಕೆ ಶುರುಮಾಡಿದವರು ಅವಳ ತಂದೆ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹೆಣ್ಣು ಕೊಟ್ಟ ಮಾವ ಕಣ್ಣು ಕೊಟ್ಟ ದೇವರು ಎನ್ನುತ್ತಾರೆ. ನಮ್ಮ ಮಾವ ಹೆಣ್ಣು ಕೊಟ್ಟರು, ಇರಲು ತಮ್ಮ ಮನೆಯಲ್ಲೇ ಎರಡು ಕೋಣೆ ಕೊಟ್ಟರು, ತಮ್ಮ ಕಣ್ಣು ಮಂಜಾದಾಗ ಪತ್ರಿಕೆಯನ್ನೂ ಕೊಟ್ಟರು. ಮೊದಲೆರಡನ್ನು ತೆಗೆದುಕೊಂಡ ಮನೆಅಳಿಯ ಮೂರನೆಯದನ್ನು ಬೇಡ ಎನ್ನಲಾಗುವುದಿಲ್ಲ.

ಪತ್ರಿಕೆಗೆ ದುಡ್ಡು ಕೊಡುವ ಚಂದಾದಾರರು ನಲವತ್ತೊಂದು ಜನ. ಅವರಲ್ಲಿ ಮೂವರು ತೀರಿಕೊಂಡು ವರ್ಷಗಳೇ ಆಗಿದ್ದವು. ಮಕ್ಕಳು ಭಯಕ್ಕೋ ಭಕ್ತಿಗೋ ಚಂದಾ ಕಟ್ಟಿಕೊಂಡು ಬಂದಿದ್ದರು. ಆ ಚಂದಾ ಅಚ್ಚಿನ ಶಾಯಿಗೂ ಸಾಲದು. ಉಳಿದದ್ದನ್ನು ವಿಜ್ಞಾನ ಇಲಾಖೆಯ ಅನುದಾನ ತೂಗಿಸುತ್ತಿತ್ತು. ಆ ವರ್ಷ ಇಲಾಖೆಯಿಂದ ಒಂದು ಕಾಗದ ಬಂತು: ವರ್ಷಾಂತ್ಯದೊಳಗೆ ಕನಿಷ್ಠ ನೂರು ಚಂದಾದಾರರ ಪಟ್ಟಿಯನ್ನು, ಹೊಸಬರ ಸ್ವಹಸ್ತದ ಸಹಿಯೊಂದಿಗೆ ಒದಗಿಸತಕ್ಕದ್ದು; ತಪ್ಪಿದಲ್ಲಿ ಅನುದಾನ ನಿಲ್ಲಿಸಲಾಗುವುದು. ಅನುದಾನ ನಿಂತರೆ ಪತ್ರಿಕೆ ನಿಂತಂತೆ. ನಾನು ಕಾಗದವನ್ನು ಮಾವನವರಿಗೆ ಓದಿ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

“ನಲವತ್ತನೇ ವರ್ಷದ ಸಂಚಿಕೆ ನೋಡ್ಬೇಕು ಅಂತಿತ್ತು, ಅಳಿಯಂದ್ರೇ,” ಎಂದರು.

ಅಷ್ಟೇ. ಜಿಗಣೆಯ ಜಠರದ ಬಗ್ಗೆ ಎರಡು ಗಂಟೆ ಬಿಡದೆ ಮಾತಾಡಬಲ್ಲ ಮನುಷ್ಯ ಒಂದೇ ವಾಕ್ಯಕ್ಕೆ ನಿಲ್ಲಿಸಿದ್ದನ್ನು ಕಂಡು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಪತ್ರಿಕೆ ಹೋದರೆ ಇವರೂ ಹೋಗುತ್ತಾರೆ ಅನ್ನಿಸಿತು.

ಇಂಥ ಪರಿಸ್ಥಿತಿಯಲ್ಲಿ ನೂರೈವತ್ತೈದನೆಯ ಸಂಚಿಕೆ ಅಚ್ಚಿಗೆ ಹೋಯಿತು. ಅಚ್ಚುಕೂಟ ನಮ್ಮ ಬೀದಿಯ ತುದಿಯಲ್ಲೇ ಇದೆ. ಮುದ್ರಕರು ಬೆರಳಿಗೆ ಉಗುಳು ಹಚ್ಚಿಕೊಂಡು ಕರಡು ಎಣಿಸಿ ತಲೆಯೆತ್ತಿದರು.

“ನಲವತ್ತೆಂಟು ಪುಟ ಜೋಡಿಸಿ ಆಯ್ತು ಸಾರ್. ನಿಮ್ಮ ಮಾವನವರ ಲೇಖನದ್ದು ಇನ್ನೂ ಎರಡು ಹಾಳೆ ಉಳಿದಿದೆ. ಎರಡು ಪುಟ ಹೆಚ್ಚು.”

“ಅಕ್ಷರ ಚಿಕ್ಕದು ಮಾಡಿ.”

“ಹೋದ ಸಲಾನೇ ಮಾಡಿದೀನಿ. ಇನ್ನೂ ಚಿಕ್ಕದು ಮಾಡಿದ್ರೆ ಪತ್ರಿಕೆ ಜೊತೆ ಒಂದೊಂದು ಭೂತಗನ್ನಡಿ ಕಳಿಸ್ಬೇಕಾಗುತ್ತೆ.”

“ಅಂಚು ಕಡಿಮೆ ಮಾಡಿ.”

“ಅಂಚೆಲ್ಲಿದೆ ಸಾರ್? ಹೆಬ್ಬೆರಳು ಇಟ್ಟು ಹಿಡಿದ್ರೆ ಒಂದು ವಾಕ್ಯ ಮುಚ್ಚಿಹೋಗುತ್ತೆ.”

“ಹಾಗಾದ್ರೆ ಇನ್ನೊಂದು ಫಾರಂ ಹಾಕಿ. ದುಡ್ಡು ಆಮೇಲೆ ಕೊಡ್ತೀನಿ.”

ಮುದ್ರಕರು ಗೋಡೆಯ ಮೇಲೆ ತಂತಿಗೆ ಚುಚ್ಚಿಟ್ಟಿದ್ದ ನಮ್ಮ ಹಳೆಯ ಬಿಲ್ಲುಗಳ ಕಡೆ ನೋಡಿದರು. ನಾನೂ ನೋಡಿದೆ. ತಂತಿ ಭಾರಕ್ಕೆ ಬಾಗಿತ್ತು.

“ಒಂದು ಉಪಾಯ ಇದೆ,” ಎಂದರು ಅವರು. “ನಿಮ್ಮ ಸಂಪಾದಕೀಯ, ಫೋಟೋ ಸೇರಿ ಸರಿಯಾಗಿ ಎರಡು ಪುಟ. ಅದನ್ನ ತೆಗೆದ್ರೆ...”

ಇಲ್ಲಿ ಆ ಫೋಟೋದ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂಬತ್ತು ವರ್ಷ ಸಂಪಾದಕನಾಗಿದ್ದು ಒಮ್ಮೆಯೂ ನನ್ನ ಮುಖ ಪತ್ರಿಕೆಯಲ್ಲಿ ಬಂದಿರಲಿಲ್ಲ. ಎರೆಹುಳುವಿನದು ಏಳು ಸಲ ಬಂದಿತ್ತು. ಕೊನೆಗೆ ಮನಸ್ಸು ಗಟ್ಟಿಮಾಡಿ ಕಚೇರಿಯ ಮ್ಯಾನೇಜರ ಕೋಟು ಕೇಳಿ ತಂದು, ಗಲ್ಲಕ್ಕೆ ಕೈ ಕೊಟ್ಟು, ದೂರದಲ್ಲಿ ಏನೋ ಕಾಣುತ್ತಿರುವಂತೆ ಕುಳಿತು ತೆಗೆಸಿದ್ದೆ. ಅದರ ಜೊತೆಗೆ ‘ವಿಜ್ಞಾನ ಮತ್ತು ನಾವು’ ಎಂಬ ಸಂಪಾದಕೀಯ. ಕಚೇರಿಯಲ್ಲಿ ಎಲ್ಲರಿಗೂ ಮುಂಚಿತವಾಗಿ ಹೇಳಿಯೂ ಆಗಿತ್ತು.

“ಸಂಪಾದಕೀಯ ಇಲ್ಲದ ಪತ್ರಿಕೆ ಅಂದ್ರೆ ತಲೆ ಇಲ್ಲದ ದೇಹ,” ಎಂದೆ ಗಂಭೀರವಾಗಿ. “ಬಾಲ ಕತ್ತರಿಸಿ. ನಲವತ್ತೆಂಟನೇ ಪುಟ ಎಲ್ಲಿ ಮುಗಿಯುತ್ತೋ ಅಲ್ಲಿಗೆ ನಿಲ್ಲಿಸಿ, ಕೆಳಗೆ ‘ಮುಂದುವರಿಯುವುದು’ ಅಂತ ಹಾಕಿ.”

“ಹಿರಿಯರ ಲೇಖನ ಸಾರ್.”

“ಬಸವನಹುಳುವಿನ ಲೇಖನ. ಅದಕ್ಕೇನು ಅವಸರ?” ಎಂದು ನನ್ನ ಮಾತಿಗೆ ನಾನೇ ನಕ್ಕೆ. ಮುದ್ರಕರು ಉಳಿದ ಎರಡು ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಮನೆಗೆ ಹೋಗಿ ಓದಿ, ಮೇಜಿನ ಖಾನೆಯಲ್ಲಿ ಭದ್ರವಾಗಿ ಇಡಬೇಕು ಎಂದುಕೊಂಡೆ. ಇಟ್ಟೆ ಎಂದೇ ಮುಂದಿನ ಮೂರು ತಿಂಗಳು ನಂಬಿದ್ದೆ.

ಮಾವನವರ ಲೇಖನದ ಹೆಸರು ‘ಗೋಡೆಯಾಚೆ ಎಸೆದ ಬಸವನಹುಳು ತನ್ನ ತೋಟಕ್ಕೆ ಮರಳುತ್ತದೆಯೇ? ಒಂದು ಪ್ರಯೋಗ’. ನಮ್ಮ ಹಿತ್ತಲಿನಿಂದ ನಲವತ್ತು ಬಸವನಹುಳುಗಳನ್ನು ಹಿಡಿದು, ಒಂದೊಂದರ ಚಿಪ್ಪಿನ ಮೇಲೂ ಸುಣ್ಣದ ಚುಕ್ಕೆ ಇಟ್ಟು, ಪೂರ್ವದಿಕ್ಕಿನ ಗೋಡೆಯಾಚೆ ಎಸೆದು, ಹದಿನೈದು ದಿನ ಕಾದಿದ್ದರು. ಗೋಡೆಯ ಎತ್ತರ, ದಪ್ಪ, ಅದರ ಪಾಚಿಯ ಬಣ್ಣ ಎಲ್ಲ ಹತ್ತು ಪುಟ ಇತ್ತು. ನಲವತ್ತೆಂಟನೆಯ ಪುಟ ಮುಗಿದದ್ದು ಹೀಗೆ: ‘ಹದಿನೈದನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಭೂತಗನ್ನಡಿ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಬಗ್ಗಿ ನೋಡಿದಾಗ ನನಗೆ ಕಂಡದ್ದೇನೆಂದರೆ’.

ಮಾವನವರು ಅಚ್ಚಾದ ಸಂಚಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿದರು. ಆಮೇಲೆ ನನ್ನನ್ನು ಕರೆದರು.

“ಅಳಿಯಂದ್ರೇ, ನನ್ನನ್ನ ಇಲ್ಲಿ ಬಗ್ಗಿಸಿ ನಿಲ್ಲಿಸಿದ್ದೀರಲ್ಲ. ಇನ್ನು ಮೂರು ತಿಂಗಳು ಹೀಗೇ ಬಗ್ಗಿರಬೇಕಾ?”

“ಎರಡು ಪುಟ ಹೆಚ್ಚಾಯ್ತು ಮಾವ.”

“ಓಹೋ. ನಿಮ್ಮ ಗಲ್ಲಕ್ಕೆ ಒಂದು ಪುಟ, ಕೈಗೆ ಒಂದು ಪುಟ. ಸರಿ.”

“ಅದಿರ್ಲಿ ಅಪ್ಪ, ಅವು ಬಂದವೋ ಇಲ್ವೋ?” ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು.

“ಅಚ್ಚಾಗದ ಫಲಿತಾಂಶವನ್ನ ಬಾಯಲ್ಲಿ ಹೇಳಬಾರದು. ಅದು ಪದ್ಧತಿ.”

“ನಾನು ನಿಮ್ಮ ಮಗಳು!”

“ವಿಜ್ಞಾನಕ್ಕೆ ಮಕ್ಕಳಿಲ್ಲಮ್ಮ,” ಎಂದು ಮಾವನವರು ಹಿತ್ತಲಿಗೆ ಹೋದರು.

ನಿಜವಾದ ಅನಾಹುತಕ್ಕೆ ಕಾರಣ ನನ್ನ ಫೋಟೋ. ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು ಅದನ್ನು ನೋಡಲಿ ಎಂದು ನಾನೇ ಒಂದು ಪ್ರತಿ ಉಚಿತವಾಗಿ ಕೊಟ್ಟು ಬಂದೆ. ಪತ್ರಿಕೆಯ ಇತಿಹಾಸದಲ್ಲಿ ಅದನ್ನು ಯಾರಾದರೂ ಓದಬಹುದು ಎಂಬ ಸಂಶಯಕ್ಕೆ ಅಲ್ಲಿಯವರೆಗೆ ಕಾರಣವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ಒಂದು ಕೈಯಲ್ಲಿ ಸಂಚಿಕೆ, ಇನ್ನೊಂದು ಕೈಯಲ್ಲಿ ತೂತು ಬಿದ್ದ ಎಲೆಕೋಸು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಮೂವತ್ತು ವರ್ಷ ರೈಲಿನ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು ಅವರದು.

“ಸಂಪಾದಕರೇ! ಪೂರ್ವದಿಕ್ಕಿನ ಗೋಡೆ ಅಂದ್ರೆ ಯಾರ ಗೋಡೆ?”

“ಅದು... ವೈಜ್ಞಾನಿಕವಾಗಿ ಹೇಳಬೇಕಂದ್ರೆ...”

“ನನ್ನ ಗೋಡೆ! ನಲವತ್ತು! ಎರಡಲ್ಲ ಮೂರಲ್ಲ, ನಲವತ್ತು ಬಸವನಹುಳು ನನ್ನ ತೋಟಕ್ಕೆ ಎಸೆದು, ಅದನ್ನ ಅಚ್ಚೂ ಹಾಕಿಸಿದ್ದೀರಿ! ನೋಡಿ, ಇದು ಕೋಸಾ? ಜರಡಿ!”

“ಅವು ವಾಪಸ್ ಬಂದಿರಬಹುದಲ್ಲ ಸಾರ್,” ಎಂದೆ.

ಮಾಸ್ತರರ ದನಿ ಒಮ್ಮೆಲೇ ಇಳಿಯಿತು. “ಬಂದ್ವಾ? ಅವರು ಬಗ್ಗಿ ನೋಡಿದ್ರಲ್ಲ, ಏನು ಕಂಡ್ತು?”

ಗೊತ್ತಿಲ್ಲ, ನಾನಿನ್ನೂ ಓದಿಲ್ಲ ಎಂದು ಅಲ್ಲಿಯೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ತನ್ನ ಪತ್ರಿಕೆಯನ್ನು ತಾನೇ ಓದಿಲ್ಲ ಎಂದು ಯಾವ ಸಂಪಾದಕ ಒಪ್ಪಿಕೊಂಡಾನು? ಫೋಟೋದಲ್ಲಿ ಕುಳಿತಂತೆ ದೂರ ನೋಡುತ್ತ ಸಣ್ಣಗೆ ನಕ್ಕೆ.

“ಮುಂದಿನ ಸಂಚಿಕೆಯಲ್ಲಿ ಬರುತ್ತೆ.”

“ಅದೂ ಕೊಡ್ತೀರಿ ತಾನೆ?”

“ಚಂದಾದಾರರಿಗೆ ಮಾತ್ರ.”

ಮಾಸ್ತರರು ಕೋಸನ್ನು ಜಗಲಿಯ ಮೇಲಿಟ್ಟು ಜೇಬಿಗೆ ಕೈ ಹಾಕಿದರು. ಹೊಸ ಚಂದಾದಾರ! ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ನನ್ನ ಜೇಬಿನಲ್ಲಿ ಸಿಕ್ಕಿದ ಕಾಗದ ತೆಗೆದು, ಅದರ ಖಾಲಿ ಬದಿಯಲ್ಲಿ ಅವರ ಹೆಸರು ವಿಳಾಸ ಬರೆದು ಸಹಿ ಹಾಕಿಸಿಕೊಂಡೆ. ಸಹಿ ಹಾಕಿದ ಮೇಲೆ ಅವರು ಬಾಗಿಲ ಆಚೀಚೆ ನೋಡಿ ಕಿವಿಯ ಹತ್ತಿರ ಬಂದರು.

“ಒಂದು ಗುಟ್ಟು. ನಾನೂ ಎಸೀತೀನಿ. ಆ ಕಡೆ ಗೋಡೆ ಆಚೆಗೆ, ಹಲ್ಲಿನ ಡಾಕ್ಟ್ರಮ್ಮನ ತೋಟಕ್ಕೆ. ಈಗ ನನ್ನ ಪ್ರಶ್ನೆ ಇಷ್ಟೇ: ನೀವು ಎಸೆದದ್ದು ನಮ್ಮಲ್ಲೇ ಉಳಿದಿರಬೇಕು, ಪರಿಹಾರ ಕೇಳಬಹುದು. ನಾನು ಎಸೆದದ್ದು ವಾಪಸ್ ಬಂದಿರಬೇಕು, ತಪ್ಪಿಲ್ಲ ಅಂತಾಗುತ್ತೆ. ವಿಜ್ಞಾನ ಇದಕ್ಕೆ ಒಪ್ಪುತ್ತಾ?”

“ಮೊದಲನೆಯದಕ್ಕೆ ಒಪ್ಪೋದು ಕಷ್ಟವೇನಿಲ್ಲ,” ಎಂದೆ. ಚಂದಾ ಕೊಟ್ಟವರ ಮನಸ್ಸು ನೋಯಿಸಬಾರದು.

ಎರಡು ದಿನ ಬಿಟ್ಟು ನನ್ನ ದವಡೆಯ ಹಲ್ಲು ಎದ್ದು ಕುಣಿಯಿತು. ಹಲ್ಲಿನ ಡಾಕ್ಟ್ರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಬಾಯೊಳಗೆ ಎರಡು ಬಗೆಯ ಕಬ್ಬಿಣ, ಒಂದು ಕೊಳವೆ, ಅವರ ಮೂರು ಬೆರಳು.

“ಮಾಸ್ತರರ ಮನೆಯಿಂದ ನಿಮ್ಮ ಪತ್ರಿಕೆ ತಂದು ಓದಿದೆ,” ಎಂದರು ಅವರು, ಕೊರೆಯುವ ಯಂತ್ರ ಕೈಗೆತ್ತಿಕೊಳ್ಳುತ್ತ. “ನಾನೂ ವರ್ಷಗಟ್ಟಲೆ ಪಕ್ಕದ ಮನೆ ತೋಟಕ್ಕೆ ಎಸೀತಾ ಇದ್ದೀನಿ. ಒಂಥರಾ ಮನಸ್ಸಿಗೆ ಚುಚ್ತಾ ಇತ್ತು. ನಿಜ ಹೇಳಿ, ಅವು ವಾಪಸ್ ಬರ್ತವೆ ಅಲ್ವಾ?”

ಯಂತ್ರ ಗುರ್‍ರ್ ಎಂದಿತು. ಆ ಸ್ಥಿತಿಯಲ್ಲಿ ಅವರು ಏನು ಕೇಳಿದ್ದರೂ ನಾನು ಹೌದು ಎಂದು ತಲೆಯಾಡಿಸುತ್ತಿದ್ದೆ. ಆಡಿಸಿದೆ.

“ಅಬ್ಬ! ಪಾಪ ಹೋಯ್ತು!” ಎಂದು ಅವರು ಹಲ್ಲಿನ ಜೊತೆ ಚಂದಾವನ್ನೂ ಇತ್ಯರ್ಥ ಮಾಡಿದರು. ಅದೇ ಕಾಗದದಲ್ಲಿ ಅವರ ಸಹಿಯೂ ಬಿತ್ತು. ಸಂಚಿಕೆಯನ್ನು ರೋಗಿಗಳು ಕಾಯುವ ಕೋಣೆಯ ಮೇಜಿನ ಮೇಲಿಟ್ಟರು. ಹಲ್ಲುನೋವಿನವರಿಗೆ ಬೇರೆ ಗತಿಯಿಲ್ಲ, ಎಲ್ಲರೂ ಓದಿದರು.

ಆಮೇಲೆ ತಿಳಿಯಿತು, ನಮ್ಮ ಬೀದಿಯಲ್ಲಿ ಬಸವನಹುಳು ಎಸೆಯದವರೇ ಇಲ್ಲ. ನಮ್ಮ ಮನೆಯಿಂದ ಮಾಸ್ತರರಿಗೆ, ಮಾಸ್ತರರಿಂದ ಡಾಕ್ಟ್ರಮ್ಮನಿಗೆ, ಅವರಿಂದ ಮುಂದಿನವರಿಗೆ ಹೀಗೆ ಇಡೀ ಬೀದಿಯ ಬಸವನಹುಳು ಮನೆಯಿಂದ ಮನೆಗೆ ವರ್ಗವಾಗುತ್ತ ಕೊನೆಗೆ ಅಚ್ಚುಕೂಟದ ಹಿತ್ತಲಿಗೆ ಹೋಗಿ ಸೇರುತ್ತಿತ್ತು. “ಅದಕ್ಕೇ ನಮ್ಮ ಕಾಗದದ ಕಟ್ಟೆಲ್ಲ ಅಂಚು ಅಂಚೇ ಮಾಯ!” ಎಂದು ಮುದ್ರಕರು ಹಣೆ ಚಚ್ಚಿಕೊಂಡರು. ಅವರೂ ಚಂದಾದಾರರಾದರು. ಆ ಹಣವನ್ನು ಮಾತ್ರ ಹಳೆಯ ಬಾಕಿಗೆ ಮುರಿದುಕೊಂಡರು.

ಪ್ರತಿಯೊಬ್ಬರಿಗೂ ಫಲಿತಾಂಶ ಬೇಕಾಗಿತ್ತು. ಪ್ರತಿಯೊಬ್ಬರೂ ನನ್ನನ್ನು ಹಿಡಿದು ನಿಲ್ಲಿಸಿ ಕೇಳುತ್ತಿದ್ದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಕೊಂಡು ಸಹಿ ಹಾಕಿಸಿಕೊಳ್ಳುತ್ತ ಹೋದೆ. ಆದರೆ ಒಂದು ಭಾನುವಾರ ಮಾಸ್ತರರೂ ಡಾಕ್ಟ್ರಮ್ಮನೂ ನಿಜವಾಗಿಯೇ ತಮ್ಮ ನಡುವಿನ ಗೋಡೆಯ ಎರಡೂ ಕಡೆ ನಿಂತು ನನ್ನನ್ನು ಕರೆದರು.

“ವಾಪಸ್ ಬರಲ್ಲ ಅಂತ ನನಗೆ ಹೇಳಿದ್ದಾರೆ!”

“ಬರ್ತವೆ ಅಂತ ನನಗೆ ತಲೆ ಆಡಿಸಿದ್ದಾರೆ!”

“ಡಾಕ್ಟ್ರಮ್ಮ, ನೀವು ಹಲ್ಲು ಕೀಳ್ತಿದ್ರೆ ನಾನೂ ತಲೆ ಆಡಿಸ್ತಿದ್ದೆ!”

“ಮಾಸ್ತರರೇ, ಮೊದಲು ನನ್ನ ತೋಟಕ್ಕೆ ಎಸೆಯೋದು ನಿಲ್ಲಿಸಿ!”

“ಅದು ನಿಮಗೆ ಯಾರು ಹೇಳಿದ್ದು?” ಎಂದು ಮಾಸ್ತರರು ನನ್ನ ಕಡೆ ತಿರುಗಿದರು. ನಾನು ಹೇಳಿರಲಿಲ್ಲ. ಅವರೇ ಇಡೀ ಬೀದಿಗೆ ಒಬ್ಬೊಬ್ಬರಿಗೂ ಗುಟ್ಟಾಗಿ ಹೇಳಿದ್ದರು. ಇಬ್ಬರೂ ಈಗ ಒಟ್ಟಾಗಿ ನನ್ನ ಮೇಲೆ ಬಿದ್ದರು. “ಬಂತೋ ಇಲ್ವೋ, ಒಂದೇ ಮಾತು ಹೇಳಿ!”

“ಅಚ್ಚಾಗದ ಫಲಿತಾಂಶ ಹೇಳಬಾರದು. ಅದು ಪದ್ಧತಿ,” ಎಂದು ಮಾವನವರ ಮಾತನ್ನೇ ಸಾಲ ತೆಗೆದು ಮನೆಯೊಳಗೆ ನುಗ್ಗಿದೆ.

ಕಚೇರಿಯಲ್ಲೂ ಇದೇ ಗೋಳು. ಕೋಟು ಕೊಟ್ಟಿದ್ದ ಮ್ಯಾನೇಜರು ಫೋಟೋ ನೋಡಿ “ಕೋಟು ಚೆನ್ನಾಗಿ ಬಂದಿದೆ” ಎಂದಷ್ಟೇ ಹೇಳಿ ನೇರವಾಗಿ ನಲವತ್ತೆಂಟನೆಯ ಪುಟಕ್ಕೆ ಹಾರಿದರು. ಅವರೂ ಸಹಿ ಹಾಕಿದರು. ಮನೆಯಲ್ಲಿ ಮಾವನವರು ದಿನಕ್ಕೊಮ್ಮೆ ಹೋಗುತ್ತಿದ್ದ ವಾಕಿಂಗನ್ನು ಎರಡು ಸಲ ಮಾಡಿಕೊಂಡರು. ಬೀದಿಯಲ್ಲಿ ಹತ್ತು ಹೆಜ್ಜೆಗೊಬ್ಬರು “ಸಾರ್, ಬಗ್ಗಿ ನೋಡಿದಾಗ ಏನು ಕಂಡ್ತು?” ಎಂದು ಕೇಳುತ್ತಿದ್ದರು. ಅವರು ಕೋಲೆತ್ತಿ “ಅಚ್ಚಾಗಲಿ, ಅಚ್ಚಾಗಲಿ” ಎನ್ನುತ್ತ ಮುಂದೆ ಹೋಗುತ್ತಿದ್ದರು. ಕೇಳದವರು ಯಾರಾದರೂ ಎದುರಾದರೆ ಅವರಿಗೆ ಕಾಣುವಂತೆ ನಿಂತು ಕೆಮ್ಮುತ್ತಿದ್ದರಂತೆ.

ಐವತ್ತೊಂಬತ್ತು ಸಹಿ ಬೇಕಿತ್ತು, ಅರವತ್ತು ಬಿತ್ತು. ಎರಡೂ ಹಾಳೆಗಳು ತುಂಬಿದವು. ವರ್ಷಾಂತ್ಯಕ್ಕೆ ಎರಡು ದಿನ ಮುಂಚೆ ಪಟ್ಟಿಯನ್ನು ನಾನೇ ಇಲಾಖೆಗೆ ಹೋಗಿ ಕೊಟ್ಟು, ಮುದ್ರೆ ಹಾಕಿಸಿಕೊಂಡು, ಹೊರಗೆ ಬಂದು, ಎರಡು ಲೋಟ ಚಹಾ ಕುಡಿದೆ. ಒಂದು ನನಗೆ, ಇನ್ನೊಂದು ವಿಜ್ಞಾನಕ್ಕೆ.

ಮರುವಾರ ಮುದ್ರಕರು ಹೇಳಿಕಳಿಸಿದರು: ನೂರೈವತ್ತಾರನೆಯ ಸಂಚಿಕೆ ಶುರುಮಾಡಬೇಕು, ಮೊದಲು ಆ ಎರಡು ಹಾಳೆ ಕೊಡಿ. ನಾನು ಮೇಜಿನ ಖಾನೆ ಎಳೆದೆ. ಖಾಲಿ. ಇನ್ನೊಂದು ಖಾನೆ ಎಳೆದೆ. ಕಪಾಟು, ಹಾಸಿಗೆಯಡಿ, ಕೊನೆಗೆ ಅಕ್ಕಿ ಡಬ್ಬಿ ಕೂಡ ತೆರೆದೆ.

“ಏನ್ರೀ ಹುಡುಕ್ತಾ ಇದ್ದೀರಿ?” ಎಂದು ಹೆಂಡತಿ ಕೇಳಿದಳು.

“ನಿಮ್ಮಪ್ಪನ ಕೊನೆಯ ಎರಡು ಹಾಳೆ.”

“ಅಯ್ಯೋ, ಅದರ ಹಿಂದೇನೇ ಅಲ್ವಾ ನೀವು ಮೂರು ತಿಂಗಳಿಂದ ಎಲ್ಲರ ಸಹಿ ಹಾಕಿಸ್ಕೊಂಡು ಓಡಾಡಿದ್ದು?”

ನಾನು ಅಲ್ಲಿಯೇ ಕುಳಿತೆ. ‘ಲೇಖಕರು ಕಾಗದದ ಒಂದೇ ಬದಿಯಲ್ಲಿ ಬರೆಯತಕ್ಕದ್ದು’ ಎಂದು ಪ್ರತಿ ಸಂಚಿಕೆಯಲ್ಲೂ ಅಚ್ಚು ಹಾಕಿಸುವವನು ನಾನೇ. ಮಾವನವರು ಆ ನಿಯಮವನ್ನು ಪಾಲಿಸಿದ್ದರು.

“ನೋಡಿದ್ಮೇಲೆ ನನಗೆ ಹೇಳಬಾರದಾಗಿತ್ತಾ?”

“ಕಾಗದ ಉಳಿಸ್ತಿದ್ದೀರಿ ಅಂದ್ಕೊಂಡೆ. ಈ ಮನೇಲಿ ದಿನಸಿ ಪಟ್ಟಿನೂ ಲೇಖನದ ಹಿಂದೇನೇ ತಾನೆ ಬರೆಯೋದು?”

“ಹೋಗ್ಲಿ, ಏನಿತ್ತು ಅದರಲ್ಲಿ? ಓದಿದ್ಯಾ?”

“ಸಂಪಾದಕರೇ ಓದಿಲ್ಲ, ನಾನ್ಯಾಕೆ ಓದಲಿ?”

ಇಲಾಖೆಗೆ ಓಡಿದೆ. ಅನುದಾನ ವಿಭಾಗದ ಗುಮಾಸ್ತರ ಮೇಜಿನ ಮೇಲೆ ನಮ್ಮ ಕಡತವೇ ಇತ್ತು, ಅದರ ಪಕ್ಕದಲ್ಲಿ ದೊಡ್ಡದೊಂದು ಗೋಂದಿನ ಬಾಟಲಿ.

“ಆ ಚಂದಾದಾರರ ಪಟ್ಟಿ ಒಂದು ಸಲ ತೋರಿಸ್ತೀರಾ ಸಾರ್?”

“ಯಾಕೆ? ಸಹಿ ಖೋಟಾನಾ?”

“ಅಯ್ಯೋ ಇಲ್ಲ. ಅದರ ಹಿಂಬದಿ ನೋಡ್ಬೇಕಿತ್ತು.”

ಗುಮಾಸ್ತರು ಕಡತ ಬಿಡಿಸಿದರು. ಎರಡೂ ಹಾಳೆಗಳು ದಪ್ಪ ರಟ್ಟಿನ ಮೇಲೆ ಅಂಗೈಯಲ್ಲಿ ಉಜ್ಜಿ ಅಂಟಿಸಿದಂತೆ ಕುಳಿತಿದ್ದವು. ಒಂದು ಮೂಲೆ ಕೂಡ ಎದ್ದಿರಲಿಲ್ಲ. ಸರ್ಕಾರಿ ಕೆಲಸ ಅಷ್ಟು ಅಚ್ಚುಕಟ್ಟಾಗಿದ್ದುದನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

“ಮೂಲ ದಾಖಲೆ ಹರಿಯಬಾರದು ಅಂತ ಹೊಸ ಸುತ್ತೋಲೆ,” ಎಂದರು ಅವರು ಹೆಮ್ಮೆಯಿಂದ.

“ಸ್ವಲ್ಪ ಬಿಡಿಸಿ ಕೊಟ್ರೆ...”

“ಬಿಡಿಸಿದ್ರೆ ಸಹಿ ಹರಿಯುತ್ತೆ. ಸಹಿ ಹರಿದ್ರೆ ಪಟ್ಟಿ ಇಲ್ಲ. ಪಟ್ಟಿ ಇಲ್ಲದಿದ್ರೆ ಅನುದಾನ ಇಲ್ಲ. ಬಿಡಿಸ್ಲಾ?”

“ಬೇಡ ಬೇಡ! ನಕಲು ಕೊಡ್ತೀರಾ?”

“ಧಾರಾಳವಾಗಿ. ಅರ್ಜಿ ಕೊಡಿ, ಮುಂಬದಿ ನಕಲು ಸಿಗುತ್ತೆ.”

“ನನಗೆ ಹಿಂಬದಿ ಬೇಕು.”

“ಹಿಂಬದಿ ನೀವು ಸಲ್ಲಿಸೇ ಇಲ್ಲವಲ್ಲ! ಅರ್ಜಿಯಲ್ಲಿ ‘ಪಟ್ಟಿ ಲಗತ್ತಿಸಿದೆ’ ಅಂತಿದೆ. ಹಿಂಬದಿ ಇದೆ ಅಂತ ಇಲಾಖೆಗೆ ಗೊತ್ತೇ ಇಲ್ಲ. ಅಷ್ಟಕ್ಕೂ ಏನಿದೆ ಅದರಲ್ಲಿ?”

“ಬಸವನಹುಳು ಸಾರ್. ಪಕ್ಕದ ಮನೆಗೆ ಎಸೆದದ್ದು ವಾಪಸ್ ಬರುತ್ತೋ ಇಲ್ವೋ ಅಂತ.”

ಗುಮಾಸ್ತರ ಕೈ ಗೋಂದಿನ ಬಾಟಲಿಯ ಮೇಲೆ ನಿಂತಿತು. ಬಾಗಿಲ ಕಡೆ ನೋಡಿದರು. ಆಮೇಲೆ ರಟ್ಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಅವರೂ ಗಲ್ಲಕ್ಕೆ ಗಲ್ಲ ತಾಗಿಸಿ ಐದು ನಿಮಿಷ ನೋಡಿದೆವು. ರಟ್ಟು ಬಿಟ್ಟು ಬೇರೇನೂ ಕಾಣಲಿಲ್ಲ.

“ನನ್ನ ಭಾವಮೈದುನ ಪಕ್ಕದ ಮನೇಲೇ ಇದ್ದಾನೆ,” ಎಂದು ಅವರು ನಿಟ್ಟುಸಿರು ಬಿಟ್ಟರು. “ಚಂದಾ ಎಷ್ಟು ನಿಮ್ಮದು?”

ಹೀಗೆ ನೂರೆರಡನೆಯ ಚಂದಾದಾರ ಸಿಕ್ಕಿದರೂ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿದ್ದೆ. ಒಂದು ಬದಿಯಲ್ಲಿ ಚಂದಾದಾರರು, ಇನ್ನೊಂದು ಬದಿಯಲ್ಲಿ ಅವರು ಚಂದಾ ಕೊಟ್ಟದ್ದು ಯಾವುದಕ್ಕೋ ಅದು. ಒಂದು ಉಳಿಸಿಕೊಂಡರೆ ಇನ್ನೊಂದು ಇಲ್ಲ. ಮಾವನವರಿಗೆ ಹೇಳದೆ ದಾರಿಯಿರಲಿಲ್ಲ. ಅವರು ಹಿತ್ತಲಿನಲ್ಲಿ ಗೋಡೆಯ ಬುಡದಲ್ಲಿ ಬಗ್ಗಿ ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರು ನಿಧಾನವಾಗಿ ನೆಟ್ಟಗಾದರು.

“ಅಂದ್ರೆ ನೀವು ಅದನ್ನ ಓದೇ ಇಲ್ಲ.”

“ಓದೋದ್ರಲ್ಲಿದ್ದೆ ಮಾವ.”

“ಮೂರು ತಿಂಗಳಿಂದ?”

ನಾನು ನೆಲ ನೋಡಿದೆ. ಅಲ್ಲಿ ಒಂದು ಬಸವನಹುಳು ನನ್ನ ಚಪ್ಪಲಿಯ ಕಡೆ ಬರುತ್ತಿತ್ತು.

“ನಾಲ್ಕನೇ ದಿನ ಮಳೆ ಬಂತು,” ಎಂದರು ಮಾವನವರು. “ಸುಣ್ಣದ ಚುಕ್ಕೆ ಅಷ್ಟೂ ತೊಳೆದುಹೋಯ್ತು. ಹದಿನೈದನೇ ದಿನ ಬಗ್ಗಿ ನೋಡಿದ್ರೆ ಬಸವನಹುಳು ಬೇಕಾದಷ್ಟು ಇತ್ತು. ನಮ್ಮದೋ, ಮಾಸ್ತರರದ್ದೋ, ಯಾರಿಗೆ ಗೊತ್ತು?”

“ಹಾಗಾದ್ರೆ ಫಲಿತಾಂಶ?”

“ಅದೇ ಫಲಿತಾಂಶ. ಏನೂ ತಿಳಿಯಲಿಲ್ಲ.”

“ಏನೂ ತಿಳಿಯಲಿಲ್ಲ ಅನ್ನೋಕೆ ಎರಡು ಪುಟ ಬರೆದಿದ್ರಾ?”

“ಎಲ್ಲಾ ತಿಳಿದಿದೆ ಅನ್ನೋಕೆ ನೀವು ಎರಡು ಪುಟ ಬರೆದಿರಲಿಲ್ವಾ?”

ನನಗೆ ಅಳು, ನಗು, ಕೋಪ ಎಲ್ಲ ಒಟ್ಟಿಗೆ ಬಂತು. “ಮಾವ, ನೂರಾ ಎರಡು ಜನ ಕಾಯ್ತಾ ಇದ್ದಾರೆ. ‘ಬಂದವು’ ಅಂತ ಒಂದು ಮಾತು ಬರೆದುಬಿಡಿ. ಬಸವನಹುಳು ಬಂದು ಅಲ್ಲ ಅಂತ ಸಾಕ್ಷಿ ಹೇಳಲ್ಲ. ಇಲ್ಲದಿದ್ರೆ ಇವರೆಲ್ಲ ಚಂದಾ ವಾಪಸ್ ಕೇಳ್ತಾರೆ, ಪತ್ರಿಕೆ ಉಳಿಯಲ್ಲ.”

“ನೂರೈವತ್ತೈದು ಸಂಚಿಕೆ ಬಂದಿದೆ,” ಎಂದರು ಮಾವನವರು. “ಒಂದರಲ್ಲೂ ಸುಳ್ಳಿಲ್ಲ. ಓದಿದವರೂ ಇಲ್ಲ, ಅದು ಬೇರೆ ವಿಷಯ.” ಗೋಡೆಗೆ ಕೈ ಊರಿದರು. “ಮೊದಲನೇ ದಿನಾನೇ ಹೇಳಿಬಿಡಬಹುದಾಗಿತ್ತು ನಾನು. ಪದ್ಧತಿ ಅನ್ನೋದು ನೆಪ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಜನ ನನ್ನನ್ನ ನಿಲ್ಲಿಸಿ ‘ಆಮೇಲೆ ಏನಾಯ್ತು’ ಅಂತ ಕೇಳಿದ್ರು, ಅಳಿಯಂದ್ರೇ. ಏನೂ ಆಗಲಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಪತ್ರಿಕೆ ಹೋದ್ರೆ ಹೋಗಲಿ. ಇದ್ದದ್ದು ಇದ್ದ ಹಾಗೆ ಹಾಕಿ.”

ಆ ಕ್ಷಣದಲ್ಲಿ ಆ ಮುದುಕರ ಮೇಲೆ ನನಗೆ ಹುಟ್ಟಿದಷ್ಟು ಪ್ರೀತಿ ನನ್ನ ಮದುವೆಯ ದಿನವೂ ಹುಟ್ಟಿರಲಿಲ್ಲ. ಚಪ್ಪಲಿಯ ಮೇಲೆ ಹತ್ತಿದ್ದ ಬಸವನಹುಳುವನ್ನು ತೆಗೆದು ಅಭ್ಯಾಸಬಲದಿಂದ ಮಾಸ್ತರರ ಕಡೆಗೆ ಎಸೆದೆ.

ಮಾವನವರು ಅದೇ ಸಂಜೆ ಎರಡು ಹಾಳೆ ಹೊಸದಾಗಿ ಬರೆದುಕೊಟ್ಟರು. ಈ ಸಲ ನಾನು ಓದಿದೆ. ನೂರೈವತ್ತಾರನೆಯ ಸಂಚಿಕೆ ಬಂದ ದಿನ ಅಂಚೆಯವರೆಗೆ ಕಾಯಲಾರದೆ ಇಡೀ ಬೀದಿ ನಮ್ಮ ಗೇಟಿನ ಮುಂದೆ ನಿಂತಿತ್ತು. ಮಾಸ್ತರರು ರೈಲಿನ ವೇಳೆ ಘೋಷಿಸುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು. ‘...ಆದ್ದರಿಂದ ಈ ಪ್ರಯೋಗದಿಂದ ಏನನ್ನೂ ಹೇಳಲಾಗದು’ ಎಂದು ಮುಗಿಸಿ ಕನ್ನಡಕ ತೆಗೆದರು. ನಾನು ಚಂದಾ ವಾಪಸ್ ಕೊಡಲು ಹೆಂಡತಿಯ ಹತ್ತಿರ ಎಷ್ಟು ಸಾಲ ಸಿಗಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಬಾಗಿಲ ಮರೆಗೆ ಸರಿದೆ.

“ಸುಣ್ಣ!” ಎಂದು ಮಾಸ್ತರರು ಕೂಗಿದರು. “ಬಯಲಲ್ಲಿ ಓಡಾಡೋ ಪ್ರಾಣಿಗೆ ಸುಣ್ಣದ ಗುರುತು ಹಾಕ್ತಾರೇನ್ರೀ? ರೈಲ್ವೆ ಸಿಗ್ನಲ್ಲಿಗೆ ಹೊಡೆಯೋ ಕೆಂಪು ಎನಾಮಲ್ ಪೇಂಟ್ ನನ್ನ ಹತ್ರ ಅರ್ಧ ಡಬ್ಬಿ ಇದೆ! ಬರುವ ವೇಳೆ, ಹೊರಡುವ ವೇಳೆ ಎಲ್ಲಾ ನಾನು ಬರೆದಿಡ್ತೀನಿ!”

“ಪೇಂಟ್ ಕೂಡ ಏಳುತ್ತೆ,” ಎಂದರು ಡಾಕ್ಟ್ರಮ್ಮ. “ಹಲ್ಲಿಗೆ ತುಂಬೋ ಸಿಮೆಂಟ್ ಹಾಕ್ಬೇಕು. ಇಪ್ಪತ್ತು ವರ್ಷ ಏಳಲ್ಲ.”

“ಮೊದಲು ಗೋಡೆ ಎತ್ತರ ತಪ್ಪಾಗಿ ಅಳೆದಿದ್ದಾರೆ,” ಎಂದು ಹಿಂದಿನಿಂದ ಇನ್ಯಾರೋ ಹೇಳಿದರು.

ಚಂದಾದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸರಿಯಾದ ಉತ್ತರ ಓದಲು ಮನುಷ್ಯ ಒಂದು ಸಲ ದುಡ್ಡು ಕೊಡಬಹುದು. ಇನ್ನೊಬ್ಬರ ತಪ್ಪು ತೋರಿಸುವ ಅವಕಾಶಕ್ಕೆ ವರ್ಷ ವರ್ಷವೂ ಕೊಡುತ್ತಾನೆ. ಮಾವನವರು ಗುಂಪಿನ ನಡುವೆ ಕೋಲೂರಿ ನಿಂತು ಎಲ್ಲರ ಹತ್ತಿರ ಒಟ್ಟಿಗೆ ಜಗಳಾಡುತ್ತಿದ್ದರು. ಅವರಿಗೆ ಹತ್ತು ವರ್ಷ ಇಳಿದಂತೆ ಕಾಣುತ್ತಿತ್ತು.

ಮೂರು ತಿಂಗಳಲ್ಲಿ ಹನ್ನೊಂದು ಲೇಖನ ಬಂದವು. ಮಾಸ್ತರರದು ವೇಳಾಪಟ್ಟಿಯ ಸಮೇತ, ಡಾಕ್ಟ್ರಮ್ಮನದು ಹಲ್ಲಿನ ಎಕ್ಸರೇ ಸಮೇತ. ಬೀದಿಯ ಎಲ್ಲ ಪ್ರಯೋಗಗಳ ಬಸವನಹುಳುಗಳೂ ಕೊನೆಗೆ ಬಂದು ಸೇರುವುದು ತಮ್ಮ ಹಿತ್ತಲಿಗೇ ಆದ್ದರಿಂದ ಮುದ್ರಕರದೂ ಒಂದು. ಅನುದಾನವೂ ಬಂತು; ಗೋಡೆಯ ಮೇಲಿನ ತಂತಿ ಸ್ವಲ್ಪ ನೆಟ್ಟಗಾಯಿತು. ನಲವತ್ತನೆಯ ವರ್ಷದ ಮೊದಲ ಸಂಚಿಕೆಯ ಕರಡನ್ನು ಮುದ್ರಕರು ಬೆರಳಿಗೆ ಉಗುಳು ಹಚ್ಚಿಕೊಂಡು ಎಣಿಸಿದರು.

“ಐವತ್ತು ಸಾರ್. ಎರಡು ಪುಟ ಹೆಚ್ಚು.”

ನಾನು ಮಾಸ್ತರರ ಲೇಖನ ನೋಡಿದೆ, ಡಾಕ್ಟ್ರಮ್ಮನ ಲೇಖನ ನೋಡಿದೆ, ಮಾವನವರದು ನೋಡಿದೆ. ‘ವಿಜ್ಞಾನ ಮತ್ತು ನಾವು, ಭಾಗ ಮೂರು’ ಎಂಬುದನ್ನೂ, ಅದರ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದವನನ್ನೂ ನೋಡಿದೆ.

“ಸಂಪಾದಕೀಯ ತೆಗೆದುಬಿಡಿ,” ಎಂದೆ. ಮನಸ್ಸಿನೊಳಗೆ ಒಂದು ಲೆಕ್ಕಾಚಾರವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಾವನವರ ಎರಡು ಪುಟ ಕಾಣೆಯಾದದ್ದಕ್ಕೆ ಊರೇ ಎದ್ದು ಕುಳಿತಿತ್ತು. ನನ್ನ ಎರಡು ಪುಟ ಕಾಣೆಯಾದರೆ ಏನಾಗಬಹುದು?

ಸಂಚಿಕೆ ಹೊರಬಂದು ಏಳು ತಿಂಗಳಾಯಿತು. ಸಂಪಾದಕೀಯ ಎಲ್ಲಿ ಎಂದು ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.